ಮಾಮೂಲಿ ವೇಗ

"ಅಲ್ಲೇ! ಅಲ್ಲೇ ನಿಲ್ಸು!" ದರ್ಜಿ ಕುರ್ಚಿಯಿಂದ ಎದ್ದೇಬಿಟ್ಟ. ಗೋಡೆಯ ದೊಡ್ಡ ಪರದೆಯ ಮೇಲೆ ಒಂದು ಬೂಟುಗಾಲು ಇನ್ನೊಬ್ಬನ ಮೊಣಕಾಲಿಗೆ ತಗುಲಿದಂತೆಯೇ ನಿಂತಿತು. ಬೂಟು ಅವನ ಅಣ್ಣನದು, ಮೊಣಕಾಲು ಅವನದೇ. "ನೋಡಿದ್ಯಾ ಮಗಳೇ? ಚೆಂಡು ಎಲ್ಲಿದೆ, ಕಾಲು ಎಲ್ಲಿದೆ! ಇನ್ನೇನು ಸಾಕ್ಷಿ ಬೇಕು? ಕೇಳು ನಿನ್ನ ದೊಡ್ಡಪ್ಪನ್ನ."

ದೊಡ್ಡಪ್ಪ ಪಕ್ಕದ ಕುರ್ಚಿಯಲ್ಲೇ ಇದ್ದ. ಆಯುಷ್ಯವೆಲ್ಲ ಬಸ್ಸು ಓಡಿಸಿದವನು, ಸ್ಟಿಯರಿಂಗ್ ಇಲ್ಲದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡಿದ್ದ. ಅಣ್ಣತಮ್ಮಂದಿರು ಮುಖ ನೋಡಿ ಮಾತಾಡಿ ಯಾವ ಕಾಲವಾಯಿತೋ. ಮದುವೆಯಲ್ಲಿ, ಸಾವಿನಲ್ಲಿ ಎದುರಾದರೂ ಹೀಗೇ, ನಡುವೆ ಯಾರನ್ನಾದರೂ ನಿಲ್ಲಿಸಿಕೊಂಡೇ ಮಾತು. ಹರೆಯದಲ್ಲಿ ಇಬ್ಬರೂ ಎದುರುಬದುರು ತಂಡಗಳಲ್ಲಿ ಆಡಿದ ಫುಟ್‌ಬಾಲ್ ಪಂದ್ಯ ಪರದೆಯ ಮೇಲಿದ್ದದ್ದು. ಅದರ ಮರುವಾರಕ್ಕೆಂದೇ ದೊಡ್ಡ ಕ್ಲಬ್ಬಿನವರು ತಮ್ಮನನ್ನು ಆಯ್ಕೆಗೆ ಕರೆದಿದ್ದರು. ಮೊಣಕಾಲೂ ಹೋಯಿತು, ಕ್ಲಬ್ಬೂ ಹೋಯಿತು. ಉಳಿದದ್ದು ಹೊಲಿಗೆ ಯಂತ್ರ, ಮತ್ತೆ ಯಾರೋ ತೆಗೆದ ಒಂದು ಫೋಟೋ: ಇದೇ ಬೂಟು, ಇದೇ ಮೊಣಕಾಲು. ಅದನ್ನು ಅಂಗಡಿಯ ಕನ್ನಡಿಗೆ ಸಿಕ್ಕಿಸಿಕೊಂಡು, ಅಳತೆ ಕೊಡಲು ಬಂದವರಿಗೆಲ್ಲ ತೋರಿಸಿ, "ಒಡಹುಟ್ಟಿದವನ ಹೊಟ್ಟೆಕಿಚ್ಚು ನೋಡಿ" ಎನ್ನುತ್ತಿದ್ದ.

ಮೊನ್ನೆ ಬೀದಿಯ ಹಳೆಯ ಸ್ಟುಡಿಯೋ ಖಾಲಿ ಮಾಡುವಾಗ ಆ ಆಟದ ಕ್ಯಾಸೆಟ್ಟು ಸಿಕ್ಕಿತ್ತು. ಸ್ಟುಡಿಯೋದವನು ಹೊಸ ಕ್ಯಾಮೆರಾ ಕೊಂಡ ಹುರುಪಿನಲ್ಲಿ ಅಂದು ಮೈದಾನಕ್ಕೂ ಬಂದಿದ್ದನಂತೆ. ಡ್ರೈವರ್ ಅದನ್ನು ಹಿಡಿದುಕೊಂಡು ನೆಟ್ಟಗೆ ಬಂದದ್ದು ತಮ್ಮನ ಮಗಳ ಬಳಿಗೆ. ಅವಳು ವಿಡಿಯೋ ರೆಫ್ರಿ. ದೊಡ್ಡ ಪಂದ್ಯಗಳು ನಡೆಯುವಾಗ ದೂರದ ಕೋಣೆಯಲ್ಲಿ ಪರದೆಗಳ ಮುಂದೆ ಕುಳಿತು, ಆಟವನ್ನು ಹಿಂದೆ ಮುಂದೆ ಓಡಿಸಿ ನೋಡಿ, ಮೈದಾನದ ರೆಫ್ರಿಯ ಕಿವಿಗೆ ಸುದ್ದಿ ಮುಟ್ಟಿಸುವುದು ಅವಳ ಕೆಲಸ. "ತೀರ್ಪು ನೀನೇ ಹೇಳಮ್ಮ. ಅವನ ಮಗಳೇ ಆದ್ರೂ ಪರವಾಗಿಲ್ಲ, ನಾನು ತಕರಾರು ಎತ್ತಲ್ಲ" ಎಂದಿದ್ದ. ಅವಳು ರಜೆಯ ದಿನ ನೋಡಿ ಇಬ್ಬರನ್ನೂ ರೆಫ್ರಿಗಳ ತರಬೇತಿ ಕೋಣೆಗೆ ಕರೆತಂದಿದ್ದಳು.

"ನಾನು ತೀರ್ಪು ಹೇಳೋಳಲ್ಲ ದೊಡ್ಡಪ್ಪ," ಎಂದಳು ಈಗ. "ಯಾವತ್ತೂ ಮೈದಾನದಲ್ಲಿರೋ ರೆಫ್ರಿದೇ ಕೊನೇ ಮಾತು. ಕಣ್ಣಿಗೆ ರಾಚೋ ಹಾಗೆ ತಪ್ಪಾಗಿದ್ರೆ ಮಾತ್ರ, ಬಂದು ಒಂದ್ಸಲ ನೋಡಿ ಅಂತ ಕರೀತೀವಿ. ಬಾ ಅಪ್ಪ. ಇವತ್ತು ನೀನೇ ರೆಫ್ರಿ."

ಮೂಲೆಯ ಸ್ಟ್ಯಾಂಡಿನ ಮೇಲೆ, ರೆಫ್ರಿ ಬಂದು ನೋಡಲೆಂದು ಮೈದಾನದ ಅಂಚಿನಲ್ಲಿ ಇಡುವಂಥ ಚಿಕ್ಕ ಪರದೆ ಇತ್ತು. ದರ್ಜಿ ಕುಂಟುತ್ತ ಹೋಗಿ ಅದರ ಮುಂದೆ ನಿಂತ. "ಇದರಲ್ಲಿ ಹೊಸದೇನಿದೆ? ಕಣ್ಣಾರೆ ಕಂಡಾಯ್ತಲ್ಲ."

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನನಗೆ ಕಲಿಸಿದ್ದು ಯಾರು? ಕಾಲು ಎಲ್ಲಿಗೆ ತಗುಲ್ತು ಅಂತ ತಿಳಿಯೋಕೆ ನಿಲ್ಸಿ ನೋಡ್ಬಹುದು. ಹೇಗೆ ಬಂತು, ಎಷ್ಟು ಜೋರಾಗಿ ಬಂತು ಅನ್ನೋದನ್ನ ಮಾಮೂಲಿ ವೇಗದಲ್ಲೇ ನೋಡ್ಬೇಕು. ನಿಧಾನ ಮಾಡಿದ್ರೆ ಎಡವಿ ಬಿದ್ದವನೂ ಬೇಕಂತ ಬಿದ್ದ ಹಾಗೇ ಕಾಣ್ತಾನಪ್ಪ."

ಚಿತ್ರ ಓಡಿತು. ಧೂಳು, ಚೆಂಡು, ಕಾಲುಗಳ ಕಲಸುಮೇಲೋಗರ, ಅಷ್ಟರಲ್ಲಿ ಏಟು ಮುಗಿದೇಹೋಯಿತು. ದರ್ಜಿ ಇನ್ನೊಮ್ಮೆ ಹಾಕಿಸಿದ. ಅಣ್ಣ ಚೆಂಡಿನ ಮೇಲೆಯೇ ಕಣ್ಣಿಟ್ಟು ಬರುತ್ತಿದ್ದ. ಕೊನೆಯ ಗಳಿಗೆಯಲ್ಲಿ ಚೆಂಡನ್ನು ಹಿಮ್ಮಡಿಯಿಂದ ಹಿಂದಕ್ಕೆಳೆದು ಅಲ್ಲಿ ಬರೀ ಕಾಲನ್ನು ಉಳಿಸಿದ್ದು ತಾನೇ. ಆ ಪಟ್ಟನ್ನು ಅವನು ಮರೆತೇಬಿಟ್ಟಿದ್ದ. ಎಂಥ ಚುರುಕಿತ್ತು ಆ ಹುಡುಗನಿಗೆ!

"ನೀನು ಹಾಗೆ ಎಳ್ಕೋತೀಯ ಅಂತ ನನಗೇನು ಗೊತ್ತೋ," ಎಂದ ಡ್ರೈವರ್ ಹಿಂದಿನಿಂದ, ಮೊದಲ ಬಾರಿಗೆ ನೇರವಾಗಿ. "ಆ ಪಟ್ಟು ನಮ್ಮ ಕಡೆ ಒಬ್ಬನಿಗೂ ಬರ್ತಿರ್ಲಿಲ್ಲ."

ದರ್ಜಿಯ ಫೋಟೋ ಆ ಏಟಿಗೇ ಮುಗಿದಿತ್ತು, ಕ್ಯಾಸೆಟ್ಟು ಮುಗಿದಿರಲಿಲ್ಲ, ಈ ಸಲ ಮುಂದಕ್ಕೂ ಓಡಿತು. ಪರದೆಯ ಅಂಚಿನಿಂದ ಒಬ್ಬ ಹೆಂಗಸು ನುಗ್ಗಿ ಬಂದಳು. ಮುಂಗೈವರೆಗೂ ಹಿಟ್ಟು ಮೆತ್ತಿಕೊಂಡು, ಒಂದು ಕಾಲಿನ ಚಪ್ಪಲಿ ಎಲ್ಲೋ ಬಿಟ್ಟು, ರೆಫ್ರಿಯನ್ನು ಪಕ್ಕಕ್ಕೆ ತಳ್ಳಿ, ಅಣ್ಣನ ಬೆನ್ನಿಗೆ ಒಂದು ಬಿಗಿದಳು. ಬಿದ್ದಿದ್ದ ತಮ್ಮನಿಗೂ ಒಂದು ಬಿಟ್ಟಳು. ಆಮೇಲೆ ಇಬ್ಬರ ತಲೆಗಳನ್ನೂ ಎದೆಗೆ ಅವುಚಿಕೊಂಡು ಅಲ್ಲೇ ಧೂಳಿನಲ್ಲಿ ಕುಳಿತುಬಿಟ್ಟಳು. ಚಿತ್ರ ಕಪ್ಪಾಯಿತು.

"ಅಜ್ಜಿನಾ?" ಎಂದಳು ಮಗಳು. ಅವಳು ಅದುವರೆಗೆ ಕಂಡದ್ದು ಮನೆಗೋಡೆಯ ಫೋಟೋ ಚೌಕಟ್ಟಿನಲ್ಲಿ ಬಿಗಿದು ಕುಳಿತ ಅಜ್ಜಿಯನ್ನು ಮಾತ್ರ.

ಇಬ್ಬರೂ ತಲೆಯಾಡಿಸಿದರು. ಎಷ್ಟು ಬೇಗ ಬಂದು ಎಷ್ಟು ಬೇಗ ಹೋದಳು! ದರ್ಜಿ ಚಿಕ್ಕ ಪರದೆಯನ್ನು ಬಿಟ್ಟು ಬಂದು ಅಣ್ಣನ ಪಕ್ಕದ ಕುರ್ಚಿಯಲ್ಲಿ ಕುಳಿತ. ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿಕೊಂಡ.

"ಇನ್ನೊಂದ್ಸಲ ಹಾಕಮ್ಮ. ನಿಧಾನಕ್ಕೆ ಹಾಕು."

"ಮಾಮೂಲಿ ವೇಗದಲ್ಲೇ ನೋಡ್ಬೇಕು ಅಂದೆನಲ್ಲಪ್ಪ?"

"ಅದು ಏಟಿನ ಮಾತು. ಅದು ಮುಗೀತು. ಇದು ಅಮ್ಮ."

ಅವಳು ಗುಂಡಿ ಒತ್ತಿದಳು. ಪರದೆಯ ಅಂಚಿನಲ್ಲಿ ಹಿಟ್ಟಿನ ಕೈಯೊಂದು ಮೂಡಿತು. ಆಮೇಲೆ ಸೆರಗು, ಆಮೇಲೆ ಗಾಬರಿಯ ಮುಖ. ಒಂದೊಂದೇ ಹೆಜ್ಜೆ ತೇಲಿ ಬರುತ್ತಿದ್ದ ತಾಯಿ, ಮಕ್ಕಳನ್ನು ಇನ್ನೂ ಮುಟ್ಟಿರಲಿಲ್ಲ. ಡ್ರೈವರ್ ಮಡಿಲಿನ ಕೈಯನ್ನು ತೆಗೆದು ತಮ್ಮನ ಕೆಟ್ಟ ಮೊಣಕಾಲಿನ ಮೇಲಿಟ್ಟು, ಪರದೆಯಿಂದ ಕಣ್ಣು ಕೀಳದೆ ಕೇಳಿದ:

"ಇನ್ನೂ ಸ್ವಲ್ಪ ನಿಧಾನಕ್ಕೆ ಆಗುತ್ತೇನಮ್ಮ?"