ಅವನು ಹೋದ ಸ್ಪೀಡಲ್ಲೇ

ಮಗ ದಿಬ್ಬದ ಇಳಿಜಾರಿನಲ್ಲಿ ಸ್ಕೂಟರನ್ನು ಲಾರಿಗೆ ಗುದ್ದಿ ಸತ್ತು ವರ್ಷವೂ ತುಂಬಿರಲಿಲ್ಲ. ಯಜಮಾನರು ಆ ಸ್ಕೂಟರನ್ನು ಹಿತ್ತಿಲಿಗೆ ತಂದು ಬಿಚ್ಚಿ ಹರವಿಕೊಂಡು ಕೂತಾಗ ಪಂಕಜಮ್ಮನಿಗೆ ಭಯ ಹತ್ತಿತು. ಸೊಟ್ಟಗಾಗಿದ್ದ ಮುಂದಿನ ಚಕ್ರ ಹೋಯಿತು, ಹೊಸ ಪಿಸ್ಟನ್ ಬಂತು. ವೇಗಕ್ಕೆಂದು ಮಗ ಹಾಕಿಸಿಕೊಂಡಿದ್ದಂಥದೇ ದೊಡ್ಡ ಕಾರ್ಬುರೇಟರನ್ನು ಅವರು ಹುಡುಕಿ ತಂದ ದಿನ ಅವಳಿಗೆ ಅನ್ನ ಸೇರಲಿಲ್ಲ.

"ಈ ವಯಸ್ಸಲ್ಲಿ ಅಷ್ಟು ಸ್ಪೀಡು ಯಾಕ್ರೀ ನಿಮಗೆ?"

"ಅವನು ಹೋದಷ್ಟೇ ಸ್ಪೀಡಲ್ಲಿ ಒಂದ್ಸಲ ಹೋಗ್ಬೇಕು."

ಸ್ಕೂಟರು ಸ್ಟಾರ್ಟೇ ಆಗದಿರಲೆಂದು ಅವಳು ಪ್ಲಗ್ಗನ್ನು ಕಿತ್ತು ಅಕ್ಕಿ ಡಬ್ಬದಲ್ಲಿ ಹೂತಿಟ್ಟಳು. ಅವರು ಹೊಸದು ತಂದರು.

ಭಾನುವಾರ ಬೆಳಿಗ್ಗೆ ನಾಲ್ಕನೇ ಕಿಕ್ಕಿಗೆ ಸ್ಕೂಟರು ನೀಲಿ ಹೊಗೆ ಕಾರಿ ಅರಚಿತು. ಅವಳು ಓಡಿಬಂದು ಹ್ಯಾಂಡಲ್ ಹಿಡಿದಳು.

"ನನ್ನೊಬ್ಬಳನ್ನೇ ಬಿಟ್ಟು ಹೋಗ್ತೀರಾ?"

"ಬಿಡೇ, ಬರ್ತೀನಿ."

ಅವಳ ಬೆರಳು ಬಿಡಿಸಿ, ದಿಬ್ಬದ ಕಡೆಗೇ ಹೊರಟುಬಿಟ್ಟರು. ಅವಳು ಬರಿಗಾಲಲ್ಲಿ ಹಿಂದೆಯೇ ಓಡಿದಳು. ದಿಬ್ಬದ ನೆತ್ತಿ ಮುಟ್ಟುವಷ್ಟರಲ್ಲಿ ಕೆಳಗಿನಿಂದ ಎಂಜಿನ್ನಿನ ಕೂಗು ಏರುತ್ತ ಏರುತ್ತ ಹೋಗಿ, ಟೈರು ಕಿರ್ರೆಂದು, ಎಲ್ಲ ನಿಂತುಹೋಯಿತು. ಅವಳು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. ತೆರೆಯಲು ಬಹಳ ಹೊತ್ತು ಹಿಡಿಯಿತು.

ತಿರುವಿಗೆ ಮೊದಲೇ ಸ್ಕೂಟರು ನಿಂತಿತ್ತು. ಪಕ್ಕದಲ್ಲಿ ಅವರು ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಅವಳು ಇಳಿದುಹೋಗಿ ಅವರ ಭುಜ ಹಿಡಿದಳು.

"ಅವತ್ತು ಬೆಳಿಗ್ಗೆ ಇದರ ಹಿಂದಿನ ಚಕ್ರದ ಬ್ರೇಕ್ ರಿಪೇರಿ ಮಾಡಿಕೊಟ್ಟಿದ್ದು ನಾನು ಕಣೇ. ಅದೊಂದನ್ನ ಮಾತ್ರ ಬಿಚ್ಚದೆ ಹಾಗೇ ಬಿಟ್ಟಿದ್ದೆ. ಹಿಡೀತು."