ಟ್ರ್ಯಾಕ್ಟರ್ ಬ್ಯಾಟರಿಯ ಕಿಡಿ

ದೋಣಿಗೆ ಹಳೆಯ ಮೋಟರ್ ಕೊಳ್ಳುವಾಗ ಕಿಡಿಗೆ ಮರುಳಾಗಬೇಡಿ, ಕಿಡಿಗೆ ಕರೆಂಟು ಎಲ್ಲಿಂದ ಬರುತ್ತಿದೆ ನೋಡಿ. ಸುಟ್ಟ ವಾರ್ನಿಶಿನ ವಾಸನೆ ಮೂಗಿಗೆ ಬಡಿದರೆ ನಾನು ಇಂದಿಗೂ ವ್ಯಾಪಾರ ಮುರಿದು ಎದ್ದುಬಿಡುತ್ತೇನೆ.

ಕಮಲಾಪುರದ ಕೆರೆಯ ನಡುವೆ ದೋಣಿಯ ಮೋಟರ್ ನಿಂತು, ಗಾಳಿಗೆ ದೋಣಿ ಮಗುಚಿ ಕಾಕಾ ತೀರಿಹೋದ ಮರುವರ್ಷ, ಅಪ್ಪ ಇನ್ನೊಂದು ಮೋಟರ್ ಕೊಳ್ಳಲು ನನ್ನನ್ನು ಕರೆದುಕೊಂಡು ಹೋದ. ಹಿಂದಿನ ಮೋಟರನ್ನು ನಮಗೆ ಮಾರಿದ್ದ ಕಲಬುರಗಿಯ ಗುಜರಿ ಅಂಗಡಿಗೇ ಹೋದೆವು. ಅಂಗಡಿಯವನು ಒಂದು ಮೋಟರಿನ ಕಾಯಿಲನ್ನು, ಅಂದರೆ ಪೆಟ್ರೋಲ್ ಹೊತ್ತಿಸುವ ಕಿಡಿ ಹುಟ್ಟಿಸುವ ತಂತಿಸುರುಳಿಯನ್ನು, ಕಿಡಿ ಪರೀಕ್ಷಿಸುವ ಹಳೆಯ ಮರದ ಪೆಟ್ಟಿಗೆಗೆ ಜೋಡಿಸಿದ. ನೀಲಿ ಕಿಡಿ ಚಟಚಟ ಸಿಡಿಯಿತು.

"ನೋಡ್ರಿ, ಹುಲಿ ಅದ ಹುಲಿ!"

ಸುಟ್ಟ ವಾರ್ನಿಶಿನ ವಾಸನೆಗೆ ಅಪ್ಪ ಮೂಗರಳಿಸಿ, ಮೇಜಿನ ಕೆಳಗಿದ್ದ ಗೋಣಿಚೀಲ ಎಳೆದ. ಅಲ್ಲಿ ಪೆಟ್ಟಿಗೆಗೆ ತಂತಿ ಎಳೆದಿದ್ದ ಟ್ರ್ಯಾಕ್ಟರಿನ ಬ್ಯಾಟರಿ ಇತ್ತು.

"ಆರು ವೋಲ್ಟಿನ ಪೆಟ್ಟಿಗಿಗೆ ಹನ್ನೆರಡು ಕೊಟ್ಟೀಯೇನಲೇ? ಹಿಂಗಾದ್ರ ಸತ್ತ ಕಾಯಿಲೂ ಕುಣೀತದ! ನನ್ನ ತಮ್ಮನ ಮೋಟರಿಗೂ ಹಿಂಗ ಮಾಡಿದ್ಯಾ?"

ಅಪ್ಪ ಅಂಗಡಿಯವನ ಕತ್ತು ಹಿಡಿದು ಮೇಜಿಗೆ ಬಡಿದ. ತುಟಿ ಒಡೆದು ರಕ್ತ ಪೆಟ್ಟಿಗೆಯ ಅಳತೆಮುಳ್ಳಿನ ಗಾಜಿನ ಮೇಲೆ ಇಳಿಯಿತು. ಆಮೇಲೆ ಅವನ ಅಂಗೈಯನ್ನು ಕಿಡಿ ಸಿಡಿಯುತ್ತಿದ್ದ ತಂತಿಗೆ ಒತ್ತಿದ.

"ಅವತ್ತ ಆ ಮೋಟರಿನ ಕಿಡಿ ನೀನೇ ನೋಡಿ ಹೂಂ ಅಂದಿದ್ದಿ, ಯಣ್ಣಾ!" ಎಂದು ಅವನು ಚೀರಿದ.

ಅಪ್ಪ ಅವನನ್ನು ಬಿಟ್ಟ. "ಹೌದಲೇ, ಅಂದಿದ್ದೆ" ಎಂದು ತನ್ನ ಅಂಗೈಯನ್ನು ಅದೇ ತಂತಿಯ ಮೇಲಿಟ್ಟು ಮುಷ್ಟಿ ಬಿಗಿದ.

ಬ್ಯಾಟರಿಯ ತಂತಿ ಕಿತ್ತೆಸೆದವನು ಆ ಅಂಗಡಿಯವನೇ.