ಕೂತು ನೋಡಿದವನು

"ಕೇಳಿದ್ದಕ್ಕೆಲ್ಲ ಯೆಸ್ ಅಂದಿದಾನೆ. ನಾಳೆ ಇವನಿಗೇ ದುಡ್ಡು ವೈರ್ ಮಾಡಿಬಿಡ್ತೀನಿ," ಎಂದು ಹರಿಪ್ರಸಾದ ನಗೋಯಾದಿಂದ ಬಂದ ಫ್ಯಾಕ್ಸನ್ನು ಊಟದ ಮೇಜಿನ ಮೇಲಿಟ್ಟ.

"ಕೇಳಿದ್ದಕ್ಕೆಲ್ಲ ಹೂಂ ಅನ್ನೋರನ್ನ ನಮ್ಮಪ್ಪ ಹೊಸ್ತಿಲು ದಾಟೋಕೆ ಬಿಡ್ತಿರ್ಲಿಲ್ಲ," ಎಂದಳು ಹೆಂಡತಿ ಶೈಲಜಾ.

"ನನ್ನನ್ನ ಬಿಟ್ರಲ್ಲ."

"ಅದಕ್ಕೇ ಹೇಳ್ತಿರೋದು."

ಶೈಲಜಾಳಿಗೆ ಟಾಂಜಾನಿಯಾಕ್ಕೆ ಪೋಸ್ಟಿಂಗ್ ಆಗಿತ್ತು. ಅಮೆರಿಕದ ಗೈದರ್ಸ್‌ಬರ್ಗಿನಲ್ಲಿ ಅವರ ಮನೆಯ ಮುಂದೆ ನಿಂತ ವ್ಯಾನು ಅಲ್ಲಿಗೆ ಒಗ್ಗದು. ಅಲ್ಲಿ ಸ್ಟಿಯರಿಂಗ್ ಬಲಕ್ಕಿರಬೇಕು. ಜಪಾನಿನಿಂದ ಹಳೆಯದೊಂದನ್ನು ತರಿಸಬೇಕು, ಅದೂ ಕಣ್ಣಲ್ಲಿ ನೋಡದೆ. ಇಬ್ಬರು ರಫ್ತುದಾರರು ಸಿಕ್ಕಿದ್ದರು. ಇಬ್ಬರ ಬಳಿಯೂ ಇದ್ದದ್ದು ಒಂದೇ ಮಾದರಿಯ ವ್ಯಾನು. ಅವರ ಮಗಳ ಹೆಸರು ಇಂದು. ಅವಳು ತನ್ನ ಗಾಲಿಕುರ್ಚಿಯಲ್ಲಿ ಕೂತ ಹಾಗೆಯೇ ಅದರೊಳಗೆ ಹಿಡಿಸುತ್ತಾಳೆಯೇ ಎಂದು ಶೈಲಜಾ ಅವಳ ಅಳತೆ ಸಮೇತ ಇಬ್ಬರಿಗೂ ಬರೆದಿದ್ದಳು. ನಗೋಯಾದವನು ಅಂದೇ ಉತ್ತರಿಸಿದ್ದ: ನೋ ಪ್ರಾಬ್ಲಂ, ಹಣ ಕಳಿಸಿ. ಯೊಕೊಹಾಮಾದವನದು ಸುದ್ದಿಯೇ ಇಲ್ಲ.

"ಹಿಡಿಸ್ದಿದ್ರೆ ಏನೀಗ? ನಾನೇ ಎತ್ತಿ ಕೂರಿಸ್ತೀನಿ," ಎಂದ ಹರಿಪ್ರಸಾದ.

"ನೋ ವೇ, ಅಪ್ಪ. ಐ ಆಮ್ ಫೋರ್ಟೀನ್," ಎಂದಳು ಇಂದು. "ಸ್ಕೂಲ್ ಮುಂದೆ ಎಲ್ರೂ ನೋಡ್ತಾರೆ. ನಾನು ಗ್ರೋಸರಿ ಬ್ಯಾಗ್ ಅಲ್ಲ. ಹಾಗಾದ್ರೆ ನಾನು ಬರಲ್ಲ."

ಅವಳು ಅಂದರೆ ಅಂದಂತೆಯೇ. ಅವಳು ಬರದಿದ್ದರೆ ಶೈಲಜಾ ಹೋಗುವ ಮಾತೂ ಇಲ್ಲ.

ಮರುದಿನ ಹರಿಪ್ರಸಾದ ಶೂ ಹಾಕಿಕೊಂಡು ಬ್ಯಾಂಕಿಗೆ ಹೊರಟಿದ್ದ. ಅಷ್ಟರಲ್ಲಿ ಯೊಕೊಹಾಮಾದಿಂದ ಕೊರಿಯರ್ ಬಂತು. ಒಳಗೆ ಒಂದು ಫೋಟೊ, ಒಂದು ಚೀಟಿ. ಫೋಟೊದಲ್ಲಿ ವ್ಯಾನಿನ ಹಿಂಬಾಗಿಲು ತೆರೆದಿತ್ತು. ಒಳಗೆ ಗಾಲಿಕುರ್ಚಿಯಲ್ಲಿ ಟೈ ಕಟ್ಟಿದ ನಡುವಯಸ್ಸಿನವನೊಬ್ಬ, ದಪ್ಪನೆಯ ಎರಡು ಟೆಲಿಫೋನ್ ಡೈರೆಕ್ಟರಿಗಳ ಮೇಲೆ ಕೂತಿದ್ದ. ತಲೆ ಚಾವಣಿಗೆ ಒತ್ತಿ, ಕತ್ತು ವಾಲಿ, ಕಿವಿ ಹೆಗಲಿಗೆ ತಾಗಿತ್ತು. ಮುಖದಲ್ಲಿ ನಗುವಿರಲಿಲ್ಲ.

ಶೈಲಜಾ ಚೀಟಿಯನ್ನು ಓದಿ ಹೇಳಿದಳು. ಆಸ್ಪತ್ರೆಯಿಂದ ಕುರ್ಚಿ ಎರವಲು ಸಿಗುವುದು ತಡವಾಯಿತು, ಕ್ಷಮಿಸಿ. ನಿಮ್ಮ ಮಗಳು ನನಗಿಂತ ಎತ್ತರ, ಅದಕ್ಕೇ ಪುಸ್ತಕ ಹಾಕಿಕೊಂಡು ಕೂತೆ. ಹಾಗೆಯೇ ಊರೊಳಗೆ ಒಂದು ಸುತ್ತು ಹೋಗಿ ಬಂದೆ. ಈ ವ್ಯಾನು ಕೊಳ್ಳಬೇಡಿ. ನನ್ನಿಂದಲೂ ಬೇಡ, ಬೇರೆಯವರಿಂದಲೂ ಬೇಡ. ಚಾವಣಿ ಎತ್ತರವಿರುವುದನ್ನು ಹುಡುಕುತ್ತೇನೆ.

ಹರಿಪ್ರಸಾದ ಕೂತು ಶೂ ಬಿಚ್ಚಿದ.

ಶೈಲಜಾ ಫ್ಯಾಕ್ಸ್ ಹಾಳೆ ತೆಗೆದುಕೊಂಡು ಥ್ಯಾಂಕ್ಸ್ ಎಂದು ಬರೆದಳು. ಅದು ಸಾಲದು ಅನಿಸಿತು. ಮತ್ತೊಮ್ಮೆ ಬರೆದಳು. ಆಗಲೂ ಸಾಲಲಿಲ್ಲ.

"ಮುಂದೆ ಏನಂತ ಬರೀಲಿ?"

ಇಂದು ಇನ್ನೂ ಫೋಟೊ ಹಿಡಿದುಕೊಂಡೇ ಇದ್ದಳು.

"ಕತ್ತು ಈಗ ಹೇಗಿದೆ ಅಂತ ಕೇಳಮ್ಮ," ಎಂದಳು.